ಹಳೆಯ ಮಿನಿಬೈಕ್ ಮನೆಗೆ ತಂದಿರಾ? ಮೊದಲು ತೊಳೆಯಬೇಡಿ, ಓದಿ

ಹೋದ ವರ್ಷ ಏಪ್ರಿಲ್‌ನಲ್ಲಿ ಒಹಾಯೋದ ಮ್ಯಾನ್ಸ್‌ಫೀಲ್ಡ್ ಹತ್ತಿರದ ಒಂದು ಗರಾಜ್ ಸೇಲ್‌ನಲ್ಲಿ 120 ಡಾಲರ್ ಕೊಟ್ಟು ಮಿನಿಬೈಕ್ ತಂದೆ. ಪೈಪ್ ಫ್ರೇಮು, ಎರಡು ಪುಟ್ಟ ಚಕ್ರ, ನಡುವೆ ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ನು. ಗೇರ್ ಇಲ್ಲ. 1960-70ರ ದಶಕದಲ್ಲಿ ಇಲ್ಲಿಯ ಮಕ್ಕಳು ಹೊಲದ ಬದುವಿನಲ್ಲಿ, ಕಾಡಿನ ದಾರಿಯಲ್ಲಿ ಓಡಿಸುತ್ತಿದ್ದದ್ದು ಇಂಥವನ್ನೇ. ಮಾರಿದಾತ "ಇದು ರಪ್" ಎಂದ. ಮಿನಿಬೈಕ್ ಮಾಡುತ್ತಿದ್ದ ರಪ್ ಕಂಪನಿ ಇದ್ದದ್ದು ಮ್ಯಾನ್ಸ್‌ಫೀಲ್ಡ್‌ನಲ್ಲೇ, ಹಾಗಾಗಿ ನಂಬಿಬಿಟ್ಟೆ.

ತಂದ ದಿನವೇ ಪ್ರೆಶರ್ ವಾಷರ್ ಹಿಡಿಯುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ಎಲ್ಲ ದಿಕ್ಕಿನಿಂದ ಫೋಟೋ ತೆಗೆಯಿರಿ. ಹ್ಯಾಂಡಲ್ ಕೂರುವ ಪೈಪು, ಸೀಟಿನ ಅಡಿ, ಎಂಜಿನ್ ಕೂರುವ ತಗಡು, ಈ ಮೂರು ಕಡೆ ಟಾರ್ಚ್ ಹಿಡಿದು ನೋಡಿ. ನಾನು ಸೋಪುನೀರು ಹಚ್ಚಿ, ಅವಧಿ ಮುಗಿದ ಕ್ರೆಡಿಟ್ ಕಾರ್ಡಿನ ಅಂಚಿನಿಂದ ಕೆರೆಯುತ್ತ ಕೂತೆ. ಮೇಲೆ ಕಪ್ಪು, ಅದರಡಿ ಹಸಿರು, ಅದರಡಿ ತಾಮ್ರದ ಹೊಳಪಿನ ಕಿತ್ತಳೆ ಬಣ್ಣ. ಆಮೇಲೆ ಎರಡು ರಿವೆಟ್, ನಡುವೆ ಹೆಬ್ಬೆರಳಗಲದ ತಗಡು. ಅದರ ಮೇಲಿದ್ದದ್ದು ಸಿಯರ್ಸ್ ಹೆಸರು. ಆಗ ಸಿಯರ್ಸ್, ಮಾಂಟ್‌ಗೊಮರಿ ವಾರ್ಡ್‌ನಂಥ ದೊಡ್ಡ ಅಂಗಡಿಗಳು ಬೇರೆಯವರಿಂದ ಮಾಡಿಸಿ ತಮ್ಮ ಹೆಸರಲ್ಲಿ ಮಿನಿಬೈಕ್ ಮಾರುತ್ತಿದ್ದವು. ನೀವು ಮೊದಲೇ ಉಪ್ಪುಕಾಗದ ಹಾಕಿ ಉಜ್ಜಿದರೆ ಈ ಗುರುತೇ ಹೋಗಿಬಿಡುತ್ತದೆ.

ಇನ್ನು ಎಂಜಿನ್. ಇವುಗಳಲ್ಲಿ ಹೆಚ್ಚಾಗಿ ಸಿಗುವುದು ಟೆಕುಮ್ಸೆ ಅಥವಾ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್. ನಂಬರು ಫ್ಲೈವೀಲ್ (ಎಂಜಿನ್ ಶಾಫ್ಟಿನ ಭಾರದ ಚಕ್ರ) ಮುಚ್ಚಿರುವ ತಗಡಿನ ಮೇಲಿರುತ್ತದೆ. ಟೆಕುಮ್ಸೆಯಲ್ಲಿ ಎಚ್35 ಎಂದರೆ ಅಡ್ಡ ಶಾಫ್ಟಿನ ಮೂರೂವರೆ ಎಚ್‌ಪಿ, ಎಚ್‌ಎಸ್40 ನಾಲ್ಕು, ಎಚ್‌ಎಸ್50 ಐದು. ಸೀರಿಯಲ್ ನಂಬರಿನ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನುವುದು. ನನ್ನದರಲ್ಲಿ 1215 ಇತ್ತು: 1971ರ 215ನೇ ದಿನ, ಅಂದರೆ ಆಗಸ್ಟ್ 3. 1961ಓ 1981ಓ ಅನ್ನುವ ಅನುಮಾನವನ್ನು ಫ್ರೇಮ್ ನೋಡಿ ಬಗೆಹರಿಸಿಕೊಳ್ಳಬೇಕು. ಬ್ರಿಗ್ಸ್‌ನಲ್ಲಿ ಇನ್ನೂ ಸುಲಭ. ಕೋಡ್ 680715 ಎಂದು ಶುರುವಾದರೆ 1968ರ ಜುಲೈ 15. ಮಾಡೆಲ್ 80302 ಇದ್ದರೆ ಮೊದಲ 8 ಎಂದರೆ 8 ಘನ ಇಂಚು, ಸುಮಾರು 131 ಸಿಸಿ. ಕೊನೆಯ 2 ಎಂದರೆ ತಾನೇ ಸುತ್ತಿಕೊಳ್ಳುವ ಹಗ್ಗ.

ಆದರೆ ಆ ತಗಡು ಬೋಲ್ಟ್ ಬಿಚ್ಚಿದರೆ ಬರುವಂಥದ್ದು. ನಾನು ಎಡವಿದ್ದು ಅಲ್ಲೇ. ತಗಡಿನಲ್ಲಿ ಎಚ್‌ಎಸ್50 ಇತ್ತು, ಅದಕ್ಕೇ ಪಿಸ್ಟನ್ ರಿಂಗ್ ತರಿಸಿದೆ. ಹೆಡ್ ಬಿಚ್ಚಿ ರಿಂಗನ್ನು ಬೋರಿಗೆ (ಪಿಸ್ಟನ್ ಓಡಾಡುವ ಕೊಳವೆಗೆ) ಇಳಿಸಲು ಹೋದರೆ ಇಳಿಯಲೊಲ್ಲದು. ವರ್ನಿಯರ್ ಹಿಡಿದೆ: 66.7 ಮಿ.ಮೀ. ಅದು ಎಚ್‌ಎಸ್40ರ ಬೋರು, ಎಚ್‌ಎಸ್50ರದು 71.4. ಯಾರೋ ಬೇರೆ ಎಂಜಿನ್ನಿನ ತಗಡು ಕೂರಿಸಿದ್ದರು, ಹಾಗಾಗಿ ಆಗಸ್ಟ್ 3 ಕೂಡ ಆ ತಗಡಿನ ತಾರೀಖಷ್ಟೇ. ಸುಳಿವು ಮೊದಲೇ ಇತ್ತು. ಸಿಯರ್ಸ್‌ಗೆಂದು ಟೆಕುಮ್ಸೆ ಮಾಡಿಕೊಟ್ಟ ಎಂಜಿನ್ನುಗಳ ನಂಬರು ಸಾಮಾನ್ಯವಾಗಿ 143ರಿಂದ ಶುರುವಾಗುತ್ತದೆ, ನನ್ನದರಲ್ಲಿ ಅದಿರಲಿಲ್ಲ. ಬೋರ್ ಅಳೆಯದೆ ಒಂದು ಸಾಮಾನನ್ನೂ ತರಿಸಬೇಡಿ.

ಪಿಸ್ಟನ್ ಹಿಡಿದುಕೊಂಡಿದ್ದರೆ ಹಗ್ಗ ಜಗ್ಗಬೇಡಿ. ಎಟಿಎಫ್ (ಆಟೋಮ್ಯಾಟಿಕ್ ಗೇರಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನ್ ಸಮಸಮ ಬೆರೆಸಿ ಪ್ಲಗ್ ತೂತಿನಲ್ಲಿ ಬಿಟ್ಟು ವಾರ ಕಾಯಿರಿ.

ರಾಣೆಬೆನ್ನೂರಿನಲ್ಲಿ ಸೀಮೆಎಣ್ಣೆ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದಾಗ ಅವರು ಹೇಳಿದ್ದು: "ಮೊದ್ಲ ಕರೆಂಟ್ ನೋಡು, ಆಮ್ಯಾಲ ಎಣ್ಣಿ." ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ತಿರುಗಿಸಿದರೆ ಕಿಡಿಯೇ ಇಲ್ಲ. ಫ್ಲೈವೀಲನ್ನು ಪುಲ್ಲರ್‌ನಿಂದಲೇ ಎಬ್ಬಿಸಿ, ಸುತ್ತಿಗೆ ಬೇಡ. ಅದರಡಿ ಪಾಯಿಂಟ್ ಇರುತ್ತದೆ, ಅಂದರೆ ಬಾಯಿ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು. ನನ್ನದರ ಎರಡೂ ಬಾಯಿಗೆ ಬೂದು ಬಣ್ಣದ ಕಿಲುಬು ಹಿಡಿದಿತ್ತು. ಸಣ್ಣ ಅರದಿಂದ ಎರಡು ಸಲ ಎಳೆದು, ವಿಸಿಟಿಂಗ್ ಕಾರ್ಡನ್ನು ಬಾಯಿಯ ನಡುವೆ ಸಿಕ್ಕಿಸಿ ಎಳೆದೆ. ಕಾರ್ಡಿನ ಮೇಲೆ ಕಪ್ಪು ಗೆರೆ ಬಿತ್ತು. ಗೆರೆ ಬೀಳದಿರುವ ತನಕ ಹೊಸ ಜಾಗದಿಂದ ಎಳೆಯುತ್ತಿರಿ. ಕ್ಯಾಮ್ ಪೂರ್ತಿ ಎತ್ತಿದಾಗ ಬಾಯಿ 0.020 ಇಂಚು, ಅಂದರೆ ಅರ್ಧ ಮಿ.ಮೀ. ತೆರೆದಿರಬೇಕು. ಸಂದು ಅಳೆಯುವ ಫೀಲರ್ ಗೇಜ್ ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಜಾರಬೇಕು.

ಫ್ಲೈವೀಲ್ ವಾಪಸು ಕೂರಿಸುವ ಮುಂಚೆ ಅದರ ಕೀ (ಚಕ್ರವನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿಯುವ ಲೋಹದ ತುಂಡು) ತೆಗೆದು ಬೆಳಕಿಗೆ ಹಿಡಿಯಿರಿ. ನನ್ನದರ ಮೇಲರ್ಧ ಅರೆ ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು. ಅಷ್ಟು ಸರಿದರೂ ಟೈಮಿಂಗ್ ಕೆಟ್ಟು, ಕಿಡಿ ಬಂದರೂ ಹಗ್ಗ ಕೈಯಿಂದ ಕಿತ್ತುಕೊಂಡು ಒದೆಯುತ್ತದೆ. ಹೊಸ ಕೀಗೆ ಕೆಲವೇ ಡಾಲರ್.

ಕಾರ್ಬೊರೇಟರ್ ಬಿಚ್ಚಿ, ನೆನೆಸಿ, ತೂತುಗಳಿಗೆ ಗಾಳಿ ಹೊಡೆದು, ಹೊಸ ವಾಷರ್ ಹಾಕಿ. ಅದರ ಎರಡೂ ಹೊಂದಾಣಿಕೆ ಸ್ಕ್ರೂ ಮೆಲ್ಲಗೆ ಮುಚ್ಚಿ ಒಂದೊಂದು ಸುತ್ತು ತೆರೆದರೆ ಚಾಲೂ ಆಗುವಷ್ಟು ಸಾಕು. ವಾಲ್ವ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಈ ಸೈಡ್‌ವಾಲ್ವ್ ಎಂಜಿನ್ನುಗಳಲ್ಲಿ ಸಂದು ಹೊಂದಿಸುವ ಟ್ಯಾಪೆಟ್ ಸ್ಕ್ರೂ ಇರುವುದಿಲ್ಲ. ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ಉಜ್ಜಿ ಕೂರಿಸುವುದು) ಮಾಡಿದ ಮೇಲೆ ಸಂದು ಕಡಿಮೆಯಾದರೆ ವಾಲ್ವ್ ಕಡ್ಡಿಯ ತುದಿಯನ್ನೇ ತೇಯಬೇಕು. ಹೆಚ್ಚು ತೇದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಎರಡು ಸಲ ಅಳೆದು ಒಂದು ಸಲ ತೇಯಿರಿ.

ವೇಗಕ್ಕೆ ಮಿತಿ ಹಾಕುವ ಗವರ್ನರ್ ಕಿತ್ತು ಹಾಕಿ ವೇಗ ಹೆಚ್ಚಿಸಿಕೊಳ್ಳುವ ಸಲಹೆ ನಿಮಗೆ ಬಂದೇ ಬರುತ್ತದೆ. ನಾನು ಕೈಮುಗಿದು ಬೇಡ ಅನ್ನುತ್ತೇನೆ. ಈ ಎಂಜಿನ್ನು 3,600 ಆರ್‌ಪಿಎಂ ಲೆಕ್ಕಕ್ಕೆ ಮಾಡಿದ್ದು. ಆಯಿಲ್ ಪಂಪಿಲ್ಲ; ಕನೆಕ್ಟಿಂಗ್ ರಾಡಿನ ತುದಿಯ ಪುಟ್ಟ ಬೆರಳು ಎಣ್ಣೆಯಲ್ಲಿ ಅದ್ದಿ ಚಿಮುಕಿಸುತ್ತದೆ, ಅಷ್ಟೇ. ಮಿತಿ ಮೀರಿದರೆ ಅಲ್ಯೂಮಿನಿಯಂ ರಾಡು ಮುರಿದು ಬ್ಲಾಕ್ ತೂತಾಗುತ್ತದೆ, ಫ್ಲೈವೀಲ್ ಸಿಡಿಯಲೂಬಹುದು. ಮೇಲೆ ಕೂರುವುದು ನಿಮ್ಮ ಮಗುವಿರಬಹುದು.

ಬಣ್ಣ ನಾನು ಹೊಡೆಸಲಿಲ್ಲ. ಕಪ್ಪು, ಹಸಿರು ಕೆರೆದು ಹಳೆಯ ಕಿತ್ತಳೆಗೆ ಮೇಣ ಹಚ್ಚಿದೆ, ಗೀರುಗಳು ಹಾಗೇ ಇವೆ. ಬ್ರೇಕ್, ಚೈನ್ ಸರಿಯಾದ ಮೇಲೆ ಎಸ್‌ಎಇ 30 ಎಣ್ಣೆ ಹಾಕಿ ಅರ್ಧ ಗಂಟೆ ಓಡಿಸಿ, ಬಿಸಿಯಿರುವಾಗಲೇ ಬಿಳಿ ಬಟ್ಟಲಿಗೆ ಬಸಿಯಿರಿ. ಬೆಳ್ಳಿಯಂಥ ಸಣ್ಣ ಪುಡಿ ಕಂಡರೆ ಗಾಬರಿ ಬೇಡ, ಹೊಸ ರಿಂಗ್ ಕೂರುತ್ತಿದೆ. ಬೆರಳಿಗೆ ಚೂರು ಸಿಕ್ಕರೆ ಎಂಜಿನ್ನು ಮತ್ತೆ ಬಿಚ್ಚಿ.