ಜಗಲಿಯ ಮೇಲೆ ಓದಿದ ಲೇಬಲ್‌ಗಳು

ಚೌತಿಯ ಹಿಂದಿನ ದಿನ ಬೆಳಿಗ್ಗೆ ಕುಮಟಾ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ನಿಲ್ಲುತ್ತದೆ. ಜನರಲ್ ಬೋಗಿಯಿಂದ ಇಳಿಯುವವರಲ್ಲಿ ಗಾರ್ಮೆಂಟ್ಸ್ ಹುಡುಗಿಯರು ಯಾರು ಎಂದು ನಾನು ದೂರದಿಂದಲೇ ಹೇಳಬಲ್ಲೆ. ಕುತ್ತಿಗೆ ಮುಂದಕ್ಕೆ ಬಾಗಿರುತ್ತದೆ. ಒಂದು ಭುಜ ಸ್ವಲ್ಪ ಇಳಿದಿರುತ್ತದೆ. ನನ್ನ ಭುಜವೂ ಹಾಗೇ ಇದೆ. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಶರ್ಟಿಗೆ ಕಾಲರ್ ಕೂರಿಸಿದವಳು ನಾನು.

2018ರಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂದು ಊರಿಗೆ ಬಂದೆ. ಅಘನಾಶಿನಿ ಹೊಳೆಯ ದಡದಲ್ಲಿ ನಮ್ಮ ಮನೆ. ಈಗ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಉಳಿದ ಹೊತ್ತಿನಲ್ಲಿ ಬೆಂಗಳೂರಿಗೆ ಹೊಲಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯ ಹೆಂಗಸರ ಸಂಬಳ, ಪಿಎಫ್, ದೂರು ಇವುಗಳ ಹಿಂದೆ ಓಡಾಡುತ್ತೇನೆ. ಅಲ್ಲಿನ ಯೂನಿಯನ್ ಗೆಳತಿಯರು ಜೊತೆಗಿದ್ದಾರೆ. ಇಷ್ಟು ದೂರ ಕೂತು ಎಂತ ಹೋರಾಟ ಮಾಡ್ತೆ ಎಂದು ಬಹಳ ಜನ ಕೇಳಿದ್ದಾರೆ. ನನ್ನ ಅನುಭವ ಹೇಳುವುದು ಒಂದೇ ಮಾತು. ಗೇಟಿನಲ್ಲಿ ಬಾಯಿ ಬಿಡದವಳು ಜಗಲಿಯಲ್ಲಿ ಮಾತಾಡುತ್ತಾಳೆ.

ಗೇಟಿನ ಕಥೆ ನನಗೆ ಗೊತ್ತು. ಸಂಜೆ ಶಿಫ್ಟ್ ಬಿಟ್ಟಾಗ ಯೂನಿಯನ್‌ನವರು ಕರಪತ್ರ ಹಿಡಿದು ನಿಂತಿರುತ್ತಾರೆ. ನಾವು ತಲೆ ಎತ್ತದೆ ಅದನ್ನು ತೆಗೆದುಕೊಂಡು ಟಿಫಿನ್ ಚೀಲಕ್ಕೆ ತುರುಕುತ್ತಿದ್ದೆವು. ಸೂಪರ್‌ವೈಸರ್ ನೋಡುತ್ತಿರುತ್ತಾನೆ. ವ್ಯಾನು ಹೊರಡುವ ಹೊತ್ತು. ಬಾಡಿಗೆ ರೂಮಿನಲ್ಲಿ ಅಡುಗೆ ಆಗಬೇಕು, ನೀರು ಬಂದಿದೆಯೋ ಇಲ್ಲವೋ. ಅದೇ ಹೆಣ್ಣುಮಗಳು ಊರಿಗೆ ಬಂದು ಅಮ್ಮನ ಜೊತೆ ಚಕ್ಕುಲಿ ಒತ್ತುತ್ತಾ ಕೂತಾಗ ಬೇರೆಯೇ ಆಗಿರುತ್ತಾಳೆ. ನಾನು ಸುಮ್ನೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಮೊದಲ ದಿನ ಕೆಲಸದ ಸುದ್ದಿ ಎತ್ತುವುದಿಲ್ಲ. ಎರಡನೇ ದಿನ ಅವಳೇ ಎತ್ತುತ್ತಾಳೆ.

ಆಗ ನಾನು ಕೇಳುವುದು ಸಂಬಳದ ಸ್ಲಿಪ್. ಹೆಚ್ಚಿನವರು ಅದನ್ನು ಎಸೆಯುವುದಿಲ್ಲ, ಆದರೆ ಓದುವುದೂ ಇಲ್ಲ. ಅದು ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ಎಳ್ಳಿನಷ್ಟು ಸಣ್ಣ. ನಾವು ಒಂದೊಂದೇ ಸಾಲು ಓದುತ್ತೇವೆ. ಮೂಲ ವೇತನ, ತುಟ್ಟಿಭತ್ಯೆ, ಪಿಎಫ್‌ಗೆ ಹಿಡಿದ 12 ಪರ್ಸೆಂಟ್, ಆಸ್ಪತ್ರೆ ಖರ್ಚಿನ ವಿಮೆ ಇಎಸ್‌ಐಗೆ ಹಿಡಿದ 0.75 ಪರ್ಸೆಂಟ್. ಓಟಿ, ಅಂದರೆ ಶಿಫ್ಟ್ ಮುಗಿದ ಮೇಲೂ ಮಾಡಿದ ಕೆಲಸದ ಸಾಲಿನಲ್ಲಿ ಎಷ್ಟು ಗಂಟೆ ಇದೆ, ನೀನು ಕೂತದ್ದು ಎಷ್ಟು ಗಂಟೆ? ಓಟಿಗೆ ಎರಡರಷ್ಟು ಕೂಲಿ ಕೊಡಬೇಕು ಎಂದಾಗ ಹಲವರು ನನ್ನ ಮುಖ ನೋಡುತ್ತಾರೆ. ಶಿರಸಿ ಕಡೆಗೆ ಅಡಿಕೆ ಸುಲಿಯಲು ಹೋಗಿ ಬಂದ ನಮ್ಮ ಹೆಂಗಸರಿಗೆ ಒಂದು ಡಬ್ಬಕ್ಕೆ ಎಷ್ಟು ಎಂಬ ಲೆಕ್ಕ ಬಾಯಲ್ಲೇ ಇರುತ್ತದೆ. ಯಾರೂ ಅವರನ್ನು ಮೋಸ ಮಾಡಲಾಗದು. ಅದೇ ಹೆಂಗಸರ ಮಗಳು ಗಂಟೆಗೆ ನೂರಾರು ಪೀಸ್ ಹೊಲಿದು, ತನ್ನ ತಿಂಗಳ ಲೆಕ್ಕ ತನಗೇ ಗೊತ್ತಿಲ್ಲದೆ ಕೂರುವುದು ಎಂಥ ಅನ್ಯಾಯ!

ಈ ಸ್ಲಿಪ್ ಓದುವುದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಅರ್ಥವಾದದ್ದು ಕೊರೋನಾ ಕಾಲದಲ್ಲಿ. 2020ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ ಏರಬೇಕಿತ್ತು. ಸರ್ಕಾರ ಅದನ್ನು ಮುಂದೂಡಿತು. ಆ ಆದೇಶಕ್ಕೆ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ತಡೆ ಕೊಟ್ಟಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕೆಲಸಗಾರರ ದುಡ್ಡು ಅದು. ಯೂನಿಯನ್‌ಗಳು ಪಟ್ಟು ಬಿಡಲಿಲ್ಲ. ಹೊರದೇಶದ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ 2022ರಲ್ಲಿ ಬಾಕಿ ಕೊಡಲು ಶುರುವಾಯಿತು. ಆ ವರ್ಷ ನಮ್ಮ ಜಗಲಿಯಲ್ಲಿ ಟ್ರಂಕು ಬಿಚ್ಚಿ ಸ್ಲಿಪ್‌ಗಳನ್ನು ತಿಂಗಳ ಪ್ರಕಾರ ಹಾಸಿಟ್ಟೆವು. ಗಾಳಿಗೆ ಹಾರದ ಹಾಗೆ ಮೇಲೆ ಹೊಳೆಯ ಬಳಚಿನ ಕಪ್ಪೆಚಿಪ್ಪು ಇಟ್ಟಿದ್ದೆವು. ಯಾರಿಗೆ ಎಷ್ಟು ತಿಂಗಳು ಬರಬೇಕು ಎಂದು ಹೆಂಗಸರೇ ಕೂಡಿ ಬರೆದುಕೊಂಡರು.

ಐದು ವರ್ಷ ಒಂದೇ ಕಡೆ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ದುಡ್ಡು, ಗ್ರಾಚ್ಯುಟಿಯ ವಿಷಯವೂ ಸ್ಲಿಪ್‌ನಲ್ಲೇ ಸಿಕ್ಕಿತು. ಒಬ್ಬಳು ಒಂದೇ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದಳು. ಸ್ಲಿಪ್‌ನಲ್ಲಿ ಕೆಲಸಕ್ಕೆ ಸೇರಿದ ತಾರೀಕು ನೋಡಿದರೆ ಎರಡು ವರ್ಷದ ಹಿಂದಿನದು! ಐದು ವರ್ಷ ತುಂಬುವ ಮೊದಲೇ ರಾಜೀನಾಮೆಗೆ ಸಹಿ ಹಾಕಿಸಿ, ವಾರ ಬಿಟ್ಟು ಹೊಸ ಟೋಕನ್ ನಂಬರ್ ಕೊಟ್ಟು ಮತ್ತೆ ಸೇರಿಸಿಕೊಂಡಿದ್ದರು. ಅದೂ ಎರಡು ಸಲ. ಪಿಎಫ್ ದುಡ್ಡು ಬೇಗ ಸಿಗುತ್ತದೆ ಎಂದು ಹೇಳಿದ್ದರಂತೆ. ಅವಳಿಗೆ ನಾವು ಏನೂ ಕೊಡಿಸಲು ಆಗಲಿಲ್ಲ. ಆದರೆ ಅವಳ ಲೈನಿನ ಉಳಿದವರು ಆಮೇಲೆ ಅಂಥ ಕಾಗದಕ್ಕೆ ಸಹಿ ಹಾಕಿಲ್ಲ.

ಪಿಎಫ್ ಅಂದರೆ ನಮಗೆ ಎಷ್ಟು ಮುಖ್ಯ ಎಂದು ಬೆಂಗಳೂರು ನೋಡಿದ್ದು 2016ರ ಏಪ್ರಿಲ್‌ನಲ್ಲಿ. ಮಾಲೀಕರ ಪಾಲಿನ ದುಡ್ಡನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ನಲವತ್ತು ದಾಟಿದರೆ ಲೈನಿನಲ್ಲಿ ಇಟ್ಟುಕೊಳ್ಳುವುದೇ ಕಷ್ಟ, 58 ಎಲ್ಲಿಂದ ಬಂತು? 18ನೇ ತಾರೀಕು ಹೊಸೂರು ರಸ್ತೆಯಲ್ಲಿ ಹೆಂಗಸರು ಕೂತರು. ಮರುದಿನ ನಾವೂ ಕೆಲಸ ಬಿಟ್ಟು ಮೈಸೂರು ರಸ್ತೆಗೆ ಇಳಿದೆವು. ಯಾವ ನಾಯಕರೂ ಕರೆದಿರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಬಂತು. 19ರ ಸಂಜೆ ನಿಯಮ ವಾಪಸಾಯಿತು. ನನ್ನ ಪಕ್ಕದಲ್ಲಿ ಕೂತಿದ್ದವಳು ಯಾವ ಊರಿನವಳು ಎಂದೂ ನನಗೆ ಗೊತ್ತಿಲ್ಲ. ಅವಳ ಕೈ ಹಿಡಿದುಕೊಂಡಿದ್ದು ಮಾತ್ರ ಇನ್ನೂ ನೆನಪಿದೆ.

ಸ್ಲಿಪ್ ಆದ ಮೇಲೆ ಲೇಬಲ್. ನಾವು ಯಾರಿಗೆ ಹೊಲಿಯುತ್ತೇವೆ ಎಂದು ಕಾರ್ಖಾನೆಯಲ್ಲಿ ಯಾರೂ ಹೇಳುವುದಿಲ್ಲ. ಅದು ಬಟ್ಟೆಯ ಮೇಲೇ ಬರೆದಿರುತ್ತದೆ. ಕುತ್ತಿಗೆಯ ಹತ್ತಿರ ಮೇನ್ ಲೇಬಲ್, ಪಕ್ಕದ ಹೊಲಿಗೆಯ ಒಳಗೆ ವಾಶ್‌ಕೇರ್ ಲೇಬಲ್. ಅಮೆರಿಕಕ್ಕೆ ಹೋಗುವ ಮಾಲಾದರೆ ಬಹಳ ಸಲ ಅದರಲ್ಲಿ ಆರ್‌ಎನ್ ಎಂದು ಬರೆದು ಮುಂದೆ ಒಂದು ನಂಬರ್ ಇರುತ್ತದೆ. ಅಲ್ಲಿನ ಸರ್ಕಾರದ ಪಟ್ಟಿಯಲ್ಲಿ ಆ ನಂಬರ್ ಹುಡುಕಿದರೆ ಕಂಪನಿಯ ಹೆಸರು ಬರುತ್ತದೆ. ದೊಡ್ಡ ಬ್ರ್ಯಾಂಡ್‌ಗಳಲ್ಲಿ ಹಲವು, ತಮಗೆ ಹೊಲಿದು ಕೊಡುವ ಕಾರ್ಖಾನೆಗಳ ಪಟ್ಟಿಯನ್ನು ವಿಳಾಸ ಸಮೇತ ಹೊರಗೆ ಹಾಕುತ್ತವೆ. ಸ್ಲಿಪ್‌ನಲ್ಲಿರುವ ವಿಳಾಸ, ಪಟ್ಟಿಯಲ್ಲಿರುವ ವಿಳಾಸ ಎರಡೂ ಒಂದೇ ಆದರೆ ಗಂಟು ಬಿತ್ತು, ದೂರಿನ ಪತ್ರ ಯಾರಿಗೆ ಬರೆಯಬೇಕು ಎಂದು ತಿಳಿಯಿತು. ಲೇಬಲ್ ಕದಿಯಬೇಡಿ, ಅದರಿಂದ ಕೆಲಸ ಹೋಗುತ್ತದೆ. ಹೊಲಿಯುವಾಗ ಹೆಸರು ನೋಡಿಕೊಳ್ಳಿ, ನಂಬರ್ ನೆನಪಿಟ್ಟು ರೂಮಿಗೆ ಬಂದು ಬರೆದಿಡಿ ಎನ್ನುತ್ತೇನೆ.

ಲೇಬಲ್ ಎಷ್ಟು ದೊಡ್ಡ ಸಾಕ್ಷಿ ಎಂದು ತೋರಿಸಿದ್ದು ಬಾಂಗ್ಲಾದೇಶ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು, ಅಂಗಡಿಯವರು ಬಾಗಿಲು ಹಾಕಿದರು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಕೆಲಸಕ್ಕೆ ಕರೆದರು. 1,134 ಜನ ಸತ್ತರು, ಹೆಚ್ಚಿನವರು ಹೆಂಗಸರು. ಅಲ್ಲಿ ನಮ್ಮ ಬಟ್ಟೆ ಹೊಲಿಸಿಲ್ಲ ಎಂದು ಹೇಳಿದ ಕಂಪನಿಗಳ ಹೆಸರನ್ನು ಕೆಲಸಗಾರರ ಪರ ಹೋರಾಡುವವರು ಅವಶೇಷದೊಳಗೆ ಲೇಬಲ್ ಹುಡುಕಿ ತೋರಿಸಿದರು. ಮರು ತಿಂಗಳೇ ಬ್ರ್ಯಾಂಡ್‌ಗಳು ಮತ್ತು ಯೂನಿಯನ್‌ಗಳ ನಡುವೆ ಕಟ್ಟಡ ಸುರಕ್ಷತೆಯ ಒಪ್ಪಂದವಾಯಿತು. ಮುರಿದರೆ ಕೋರ್ಟಿಗೆ ಎಳೆಯಬಹುದಾದ ಒಪ್ಪಂದ ಅದು. ಇದನ್ನು ಹೇಳುವಾಗ ಜಗಲಿಯಲ್ಲಿ ಯಾರೂ ಉಸಿರೆತ್ತುವುದಿಲ್ಲ. ಒಮ್ಮೆ ಒಬ್ಬ ಅಮ್ಮ ಮಗಳ ಕಡೆ ತಿರುಗಿ, "ನಿಮ್ಮ ಕಟ್ಟಡಕ್ಕೆ ಬಿರುಕು ಇಲ್ವಲ್ಲ ತಂಗಿ?" ಎಂದು ಕೇಳಿದರು.

ನನ್ನಿಂದಾದ ಒಂದು ತಪ್ಪನ್ನು ಇಲ್ಲಿ ಬರೆಯಲೇಬೇಕು. 2019ರಲ್ಲಿ ಒಂದು ಬ್ರ್ಯಾಂಡ್‌ಗೆ ನಾವು ಮೊದಲ ಪತ್ರ ಕಳಿಸಿದೆವು. ಸಾಕ್ಷಿಗೆ ಒಬ್ಬ ಹುಡುಗಿಯ ಸ್ಲಿಪ್‌ನ ಫೋಟೊ ಹಾಕಿದ್ದೆ. ಹೆಸರು ಅಳಿಸಿದ್ದೆ, ಟೋಕನ್ ನಂಬರ್ ಹಾಗೇ ಉಳಿದಿತ್ತು. ಪತ್ರ ಸುತ್ತಿ ಬಳಸಿ ಕಾರ್ಖಾನೆಗೇ ಬಂತು. ವಾರದೊಳಗೆ ಅವಳನ್ನು ಮಷೀನಿನಿಂದ ಎಬ್ಬಿಸಿ ಹೆಲ್ಪರ್ ಕೆಲಸಕ್ಕೆ ಹಾಕಿದರು. ದಿನಕ್ಕೊಂದು ಲೈನು, ದಿನಾ ಬೈಗುಳ. ತಿಂಗಳಾಗುವ ಮೊದಲು ರಾಜೀನಾಮೆ ಬರೆಸಿಕೊಂಡರು. ಈಗ ಅವಳು ಹೊಳೆಯಲ್ಲಿ ಬಳಚು ಹೆಕ್ಕುತ್ತಾಳೆ. ಅವಳು ನನ್ನ ಜೊತೆ ಮಾತಾಡುತ್ತಾಳೆ, ಅವಳ ಅಮ್ಮ ಮಾತಾಡುವುದಿಲ್ಲ. ಅಂದಿನಿಂದ ಹತ್ತು ಜನರ ಮಾಹಿತಿ ಒಟ್ಟಾಗದೆ ನಾನು ಯಾವ ಪತ್ರವನ್ನೂ ಬರೆದಿಲ್ಲ. ಅದರಲ್ಲೂ ಬೇರೆ ಬೇರೆ ಲೈನಿನವರು, ಬೇರೆ ಬೇರೆ ಊರಿನವರು ಇರಬೇಕು. ಪತ್ರ ಯೂನಿಯನ್ ಹೆಸರಿನಲ್ಲೇ ಹೋಗುತ್ತದೆ.

ಅಲ್ಲಿಗೆ ಆರ್ಡರ್ ಕೊಡಬೇಡಿ ಎಂದು ನಾವು ಎಂದೂ ಬರೆಯುವುದಿಲ್ಲ. ಆರ್ಡರ್ ನಿಂತರೆ ಮೊದಲು ಮನೆಗೆ ಹೋಗುವವರು ಹೆಂಗಸರೇ ಅಲ್ವಾ. ಅಲ್ಲೇ ಇರಿ, ರೇಟು ಸರಿಯಾಗಿ ಕೊಡಿ, ಹೊತ್ತು ಕೊಡಿ, ಬಾಕಿ ಕೊಡಿಸಿ ಎಂದು ಬರೆಯುತ್ತೇವೆ. ಸೂಪರ್‌ವೈಸರ್ ಕೂಗಾಡುವುದು ತಪ್ಪೇ. ಆದರೆ ಶರ್ಟಿನ ದರ ಇಳಿಸಿ, ಮಾಲು ಕೊಡಬೇಕಾದ ದಿನವನ್ನು ಇನ್ನೂ ಹತ್ತಿರಕ್ಕೆ ಎಳೆಯುವವನು ಸಮುದ್ರದ ಆಚೆ ಕೂತಿದ್ದಾನೆ. ಆ ಒತ್ತಡ ಇಳಿದು ಇಳಿದು ಕೊನೆಗೆ ಕಾಲರ್ ಕೂರಿಸುವವಳ ಮೇಲೆ ಬೀಳುತ್ತದೆ.

ಕೈ ಮಾಡುವ, ಕೆಟ್ಟದಾಗಿ ಮುಟ್ಟುವ ದೂರುಗಳು ಬೇರೆಯೇ. ಅವು ಚಕ್ಕುಲಿ ಒತ್ತುವಾಗ ಬರುವುದಿಲ್ಲ. ಒಬ್ಬಳು ಹಬ್ಬ ಮುಗಿದು ಹೊರಡುವ ಹಿಂದಿನ ರಾತ್ರಿ ಬಾವಿ ಕಟ್ಟೆಯ ಹತ್ತಿರ ಹೇಳಿದಳು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ಮೂರು ತಿಂಗಳ ಒಳಗೆ ದೂರು ಕೊಡಬೇಕು. ಗೋಡೆಯ ಕ್ಯಾಲೆಂಡರ್ ನೋಡಿ ಎಣಿಸಿದೆವು. ಹನ್ನೊಂದು ದಿನ ಉಳಿದಿತ್ತು. ಅವಳ ಮಾತಿನಲ್ಲೇ, ಅವಳ ಕೈಬರಹದಲ್ಲೇ ಕನ್ನಡದಲ್ಲಿ ಬರೆಸಿದೆ. ಇಂಗ್ಲಿಷಿನಲ್ಲಿ ಬರೆದರೆ ಯಾರು ಬರೆದುಕೊಟ್ಟರು ಎಂಬಲ್ಲೇ ವಿಚಾರಣೆ ನಿಲ್ಲುತ್ತದೆ. ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆವು. ಅವಳು ದೂರಿದವನನ್ನು ಬೇರೆ ಯೂನಿಟ್‌ಗೆ ಕಳಿಸಿದರು, ಅಷ್ಟೇ. ನನಗೆ ಇವತ್ತಿಗೂ ಸಮಾಧಾನವಿಲ್ಲ. ಆ ಯೂನಿಟ್‌ನಲ್ಲೂ ಹೆಂಗಸರಿದ್ದಾರೆ.

ಹಾಗಾಗಿ ತಮಿಳುನಾಡಿನ ದಿಂಡಿಗಲ್‌ನ ಸುದ್ದಿಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿ 2021ರ ಜನವರಿಯಲ್ಲಿ ಇಪ್ಪತ್ತು ವರ್ಷದ ಒಬ್ಬ ದಲಿತ ಹುಡುಗಿಯನ್ನು ಅವಳ ಸೂಪರ್‌ವೈಸರ್ ಕೊಂದ. ಹೆಂಗಸರೇ ಮುಂದಾಗಿ ನಡೆಸುವ ಯೂನಿಯನ್ ಅವಳ ಮನೆಯವರ ಜೊತೆ ನಿಂತಿತು. 2022ರಲ್ಲಿ ಕಾರ್ಖಾನೆಯೂ ಬ್ರ್ಯಾಂಡ್‌ಗಳೂ ಒಪ್ಪಂದಕ್ಕೆ ಸಹಿ ಹಾಕಿದವು. ಲೈನಿನ ಹೆಂಗಸರಿಗೇ ತರಬೇತಿ ಕೊಟ್ಟು, ಕಿರುಕುಳ ಕಂಡರೆ ಹೇಳುವ ಜವಾಬ್ದಾರಿ ಅವರಿಗೇ ಕೊಟ್ಟರು. ಕಾರ್ಖಾನೆ ಮಾತು ತಪ್ಪಿದರೆ ಬ್ರ್ಯಾಂಡ್ ಕ್ರಮ ಕೈಗೊಳ್ಳಲೇಬೇಕು ಎಂದು ಅದರಲ್ಲಿತ್ತು. ಬೆಂಗಳೂರಿನ ಎಲ್ಲ ಲೈನಿಗೂ ಇಂಥದ್ದು ಬರಬೇಕು ಎಂಬುದು ನಮ್ಮ ಆಸೆ.

ಹೋದ ಚೌತಿ ಮುಗಿಸಿ ಹೊರಟವರಿಗೆಲ್ಲ ಒಂದೊಂದು ಸಣ್ಣ ಡೈರಿ ಕೊಟ್ಟೆ. ಓಟಿ ಗಂಟೆ, ಲೇಬಲ್ ಹೆಸರು, ತಾರೀಕು. ಕುಮಟಾ ಸ್ಟೇಷನ್ನಿನಲ್ಲಿ ರೈಲು ಹೊರಡುವ ಹೊತ್ತಿಗೆ ಈ ವರ್ಷವೇ ಕೆಲಸಕ್ಕೆ ಸೇರಿದ ಹುಡುಗಿ ಕಿಟಕಿಯಿಂದ ಕೂಗಿ ಕೇಳಿದಳು.

"ಅಕ್ಕಾ, ಬಾತ್‌ರೂಮಿಗೆ ಬಿಡದಿದ್ದ ದಿನ ಅದನ್ನೂ ಬರೀಬೇಕಾ?"

"ಬರೆ ತಂಗಿ" ಅಂದೆ. "ಎಷ್ಟು ಹೊತ್ತಿಗೆ ಕೇಳಿದೆ ಎಂದೂ ಬರೆ."