ಲಾಗ್‌ಫ್ರೇಮ್‌ನ ಕೊನೆಯ ಕಾಲಂ: ಆನೇಕಲ್ ಶಾಲೆಗಳ ನೀರಿನ ಯೋಜನೆಯನ್ನು ನಡೆಸಿದ ಬಗೆ

ಜರ್ಮನಿಯ ದಾನಿ ಸಂಸ್ಥೆಯೊಂದರ ನೆರವಿನಿಂದ ಆನೇಕಲ್ ತಾಲ್ಲೂಕಿನ ಕೆಲವು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶೌಚಾಲಯ, ಕೈತೊಳೆಯುವ ಕಟ್ಟೆ ಮತ್ತು ಮಳೆನೀರು ಸಂಗ್ರಹ ವ್ಯವಸ್ಥೆಯನ್ನು ಕಟ್ಟಿ, ಅವು ಬಳಕೆಯಲ್ಲಿ ಉಳಿಯುವಂತೆ ಮಾಡುವ ಯೋಜನೆಗೆ ನಾನು ಸಂಯೋಜಕಿಯಾಗಿದ್ದೆ. 2021ರಲ್ಲಿ ಪ್ರಸ್ತಾವನೆ ಬರೆದೆವು. 2022ರ ಮಧ್ಯದಿಂದ ಮೂರು ವರ್ಷ ಕೆಲಸ ನಡೆಯಿತು. ನಮ್ಮ ಕಚೇರಿ ಜಯನಗರದಲ್ಲಿ, ಶಾಲೆಗಳು ಚಂದಾಪುರದ ಆಚೆ. ಹೀಗಾಗಿ ಕ್ಷೇತ್ರಭೇಟಿಯ ವೇಳಾಪಟ್ಟಿಯನ್ನು ನನಗಿಂತ ಹೆಚ್ಚಾಗಿ ಸಿಲ್ಕ್ ಬೋರ್ಡ್ ಜಂಕ್ಷನ್ನೇ ನಿರ್ಧರಿಸುತ್ತಿತ್ತು ಎನ್ನಬಹುದು.

ವಿದೇಶಿ ನೆರವಿನ ಯೋಜನೆ ಎಂದರೆ ಮೊದಲು ಎದುರಾಗುವುದು ಲಾಗ್‌ಫ್ರೇಮ್, ಅಂದರೆ ಇಡೀ ಯೋಜನೆಯ ತರ್ಕವನ್ನು ಒಂದೆಡೆ ಇಡುವ ಕೋಷ್ಟಕ. 1969ರ ಸುಮಾರಿಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪುಗೊಂಡ ಈ ಕೋಷ್ಟಕವನ್ನು 1980ರ ದಶಕದಲ್ಲಿ ಜರ್ಮನಿಯ ನೆರವು ಸಂಸ್ಥೆ ಜಿಟಿಜೆಡ್ ತನ್ನ ಜೋಪ್ ಎಂಬ ಯೋಜನೆ ರೂಪಿಸುವ ಪದ್ಧತಿಯಲ್ಲಿ ಅಳವಡಿಸಿಕೊಂಡಿತು. ಮುಂದೆ ಐರೋಪ್ಯ ಒಕ್ಕೂಟವೂ ಅದೇ ಹಾದಿ ಹಿಡಿಯಿತು. ಗುರಿ, ಉದ್ದೇಶ, ಫಲಿತ, ಚಟುವಟಿಕೆ ಎಂಬ ನಾಲ್ಕು ಸಾಲುಗಳು. ಅವುಗಳ ವಿವರಣೆ, ಸೂಚಕ (ಸಾಧನೆಯನ್ನು ಅಳೆಯುವ ಗುರುತು), ಪರಿಶೀಲನೆಯ ಮೂಲ ಮತ್ತು ಅಸಂಪ್ಷನ್ಸ್ ಎಂಬ ನಾಲ್ಕು ಕಾಲಂಗಳು. ನಮ್ಮ ಹಿಡಿತದಲ್ಲಿಲ್ಲದಿದ್ದರೂ ಯೋಜನೆ ಕೈಗೂಡಲು ಅಗತ್ಯವಾದ ಸಂಗತಿಗಳನ್ನು ಈ ಕೊನೆಯ ಕಾಲಂನಲ್ಲಿ ಬರೆಯಬೇಕು. ಬಹುತೇಕ ಪ್ರಸ್ತಾವನೆಗಳಲ್ಲಿ ಅಲ್ಲಿ ‘ಸ್ಥಳೀಯ ಆಡಳಿತ ಸಹಕರಿಸುತ್ತದೆ’, ‘ರಾಜಕೀಯ ಸ್ಥಿರತೆ ಇರುತ್ತದೆ’ ಎಂಬ ಒಂದೆರಡು ಸಿದ್ಧ ವಾಕ್ಯಗಳಿರುತ್ತವೆ. ನಾನು ಅದನ್ನೇ ಮೊದಲು ತುಂಬಿಸಲು ಕುಳಿತೆ, ಏಕೆಂದರೆ ಮೂರು ವರ್ಷ ನಾವು ನಿಭಾಯಿಸಬೇಕಾದದ್ದೆಲ್ಲ ಅಲ್ಲಿಯೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಸಮಸ್ಯಾ ವೃಕ್ಷದ ಸಭೆಯನ್ನು ಒಂದು ಶಾಲೆಯ ಜಗುಲಿಯಲ್ಲಿಯೇ ಇಟ್ಟೆವು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಶಿಕ್ಷಕರು, ಪಂಚಾಯಿತಿ ಸದಸ್ಯರು, ಬಿಸಿಯೂಟದ ಅಡುಗೆಯವರು ಬಂದಿದ್ದರು. ಬಣ್ಣದ ಚೀಟಿಗಳಲ್ಲಿ ಕಾರಣ ಮತ್ತು ಪರಿಣಾಮಗಳನ್ನು ಬರೆದು ಗೋಡೆಗೆ ಅಂಟಿಸುವ ಕ್ರಮವಿದು. ‘ಶೌಚಾಲಯವಿಲ್ಲ’, ‘ನೀರಿಲ್ಲ’ ಎಂಬ ಚೀಟಿಗಳು ಬೇಗ ತುಂಬಿದವು. ಆಗ ಅಡುಗೆಯವರಲ್ಲೊಬ್ಬರು, “ಮೇಡಂ, ನೀವು ಕಟ್ಟಿಸಿ ಕೊಡ್ತೀರ, ಸರಿ, ಬೀಗದ ಕೈ ಯಾರ ಹತ್ರ ಇರುತ್ತೆ?” ಎಂದು ಕೇಳಿದರು. ಹಿಂದೆ ಕಟ್ಟಿದ್ದ ಶೌಚಾಲಯಕ್ಕೆ, ತೊಳೆಸಲು ಹಣವಿಲ್ಲದೆ, ಬೀಗ ಹಾಕಿ, ಅತಿಥಿಗಳು ಬಂದಾಗ ಮಾತ್ರ ತೆರೆಯುತ್ತಿದ್ದರೆಂಬುದು ಆ ಪ್ರಶ್ನೆಯಿಂದಲೇ ಹೊರಬಂತು. ‘ತೊಳೆಯುವವರಿಗೆ ಕೂಲಿ ಕೊಡುವ ಹಣ ಶಾಲೆಯ ಬಳಿ ಇರುತ್ತದೆ’ ಎಂಬುದು ಕೊನೆಯ ಕಾಲಂನ ಮೊದಲ ವಾಕ್ಯವಾಯಿತು. ಕಟ್ಟಡಕ್ಕೆ ಮೊದಲು ಪಂಚಾಯಿತಿಯಿಂದ ಸ್ವಚ್ಛತೆಯ ವೆಚ್ಚ ಮತ್ತು ಪಂಪಿನ ವಿದ್ಯುತ್ ಬಿಲ್ಲಿನ ಬಗ್ಗೆ ಲಿಖಿತ ನಿರ್ಣಯ ಪಡೆಯಬೇಕೆಂದು ನಿಶ್ಚಯಿಸಿದೆವು. ನಿರ್ಣಯ ಬಾರದ ಶಾಲೆಗಳನ್ನು ಎರಡನೆಯ ವರ್ಷಕ್ಕೆ ತಳ್ಳಿದೆವು.

ಸೂಚಕದ ವಿಷಯದಲ್ಲಿ ದಾನಿಯೊಡನೆ ಸ್ವಲ್ಪ ಜಗ್ಗಾಟವೇ ನಡೆಯಿತು. ಕಟ್ಟಿದ ತೊಟ್ಟಿಗಳ ಸಂಖ್ಯೆ ಎಣಿಸಲು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 100 ಲೀಟರ್, ಶೇ. 20ರಷ್ಟು ನಷ್ಟವೆಂದು ಬಿಟ್ಟರೂ ವರ್ಷಕ್ಕೆ 77,000 ಲೀಟರ್‌ಗಿಂತ ಹೆಚ್ಚು ಸಿಗುತ್ತದೆ. ಕಾಗದದ ಮೇಲೆ ಇದು ಧಾರಾಳ. ಆದರೆ 10,000 ಲೀಟರ್‌ನ ತೊಟ್ಟಿ ಸೆಪ್ಟೆಂಬರ್‌ನ ಒಂದು ಜಡಿಮಳೆಯ ವಾರದಲ್ಲಿ ತುಂಬಿ ಹರಿಯುತ್ತದೆ, ಅಕ್ಟೋಬರ್‌ನ ಮಳೆ ದಸರಾ ರಜೆಯಲ್ಲಿ ಬಳಸುವವರಿಲ್ಲದೆ ಹೋಗುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಮಳೆಯೇ ಇರುವುದಿಲ್ಲ. ಆದ್ದರಿಂದ ಉಕ್ಕುವ ನೀರನ್ನು ಇಂಗುಬಾವಿಗೆ ಹರಿಸುವುದು ಅನಿವಾರ್ಯವಾಯಿತು. ಆ ಇಂಗುಬಾವಿಗಳನ್ನು, ಬಾವಿ ತೋಡುವುದರಲ್ಲಿ ತಲೆಮಾರುಗಳಿಂದ ಪಳಗಿದ ಮಣ್ಣುವಡ್ಡರ ತಂಡವೊಂದು ತೋಡಿತು. ಸೂಚಕವನ್ನು ಕೊನೆಗೆ ಹೀಗೆ ಬರೆದೆವು: ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ, ಬಿಸಿಯೂಟದ ಗಂಟೆ ಹೊಡೆದಾಗ, ಕೈತೊಳೆಯುವ ಕಟ್ಟೆಯ ಎಲ್ಲ ನಲ್ಲಿಗಳಲ್ಲಿ ನೀರು ಬರುತ್ತಿರಬೇಕು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ 2023ರ ಮರುವರ್ಷ, ಬೆಂಗಳೂರೇ ಟ್ಯಾಂಕರ್‌ಗಾಗಿ ಕಾದು ನಿಂತ 2024ರ ಮಾರ್ಚ್‌ನಲ್ಲಿ, ಕೆಲವು ಶಾಲೆಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ವರದಿಯಲ್ಲಿ ಅದನ್ನು ಹಾಗೆಯೇ ಬರೆದೆ. ತೊಟ್ಟಿಗಳ ಸಂಖ್ಯೆಯೇ ಸೂಚಕವಾಗಿದ್ದರೆ ಆ ವರ್ಷದ ಸಾಧನೆ ಪೂರ್ಣ ಎಂದು ದಾಖಲಾಗುತ್ತಿತ್ತು.

ಹಣದ ವ್ಯವಹಾರವನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ನಿಯಂತ್ರಿಸುತ್ತದೆ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಲ್ಲಿಂದ ನಮ್ಮ ಬೆಂಗಳೂರಿನ ಖಾತೆಗೆ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ, ಅದು ನೋಂದಾಯಿತವಾಗಿದ್ದರೂ, ವರ್ಗಾಯಿಸುವಂತಿಲ್ಲ. ಆನೇಕಲ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಪುಟ್ಟ ಸಂಘಗಳೊಡನೆ ಜೊತೆಗೂಡುವ ಹಳೆಯ ದಾರಿ ಇದರಿಂದ ಮುಚ್ಚಿತು. ದಾನಿಯ ನಮೂನೆಯಲ್ಲಿ ಮಾತ್ರ ‘ಸ್ಥಳೀಯ ಪಾಲುದಾರರಿಗೆ ಹಣ ವರ್ಗಾವಣೆ’ ಎಂಬ ಶೀರ್ಷಿಕೆ ಇನ್ನೂ ಇತ್ತು. ಅಲ್ಲಿ ಸೊನ್ನೆ ಹಾಕಿ, ಕಾರಣವನ್ನು ವಿವರಿಸಿ ಪತ್ರ ಬರೆದು, ಊರಿನವರನ್ನೇ ನಮ್ಮ ಸಿಬ್ಬಂದಿಯಾಗಿ ನೇಮಿಸಿಕೊಂಡೆವು. ಯಾವ ಸಂಬಳ ಆಡಳಿತಕ್ಕೆ, ಯಾವುದು ಕಾರ್ಯಕ್ರಮಕ್ಕೆ ಸೇರುತ್ತದೆ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಆರಂಭದಲ್ಲೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಂಡದ್ದು ಮುಂದೆ ಬಹಳ ನೆರವಾಯಿತು.

ವಿನಿಮಯ ದರವೂ ಕೊನೆಯ ಕಾಲಂನಲ್ಲಿತ್ತು. 2021ರಲ್ಲಿ ಯೂರೋ ಸುಮಾರು 87 ರೂಪಾಯಿಯಲ್ಲಿದ್ದಾಗ ನಾವು ಅದಕ್ಕಿಂತ ಕಡಿಮೆ ದರ ಹಿಡಿದೇ ಬಜೆಟ್ ಮಾಡಿದ್ದೆವು. 2022ರ ಮಳೆಗಾಲದಲ್ಲಿ ಅದು 80ರ ಆಸುಪಾಸಿಗೆ ಇಳಿಯಿತು, ಕಬ್ಬಿಣದ ಬೆಲೆಯೋ ಅದೇ ವರ್ಷದ ಆರಂಭದಲ್ಲಿ ಗಗನಕ್ಕೇರಿತ್ತು. ಶೇ. 10ರವರೆಗೆ ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಅನುಮತಿಯಿಲ್ಲದೆ ಹಣ ಬದಲಿಸಬಹುದೆಂಬ ಷರತ್ತನ್ನು ಒಪ್ಪಂದದಲ್ಲಿ ಹಟ ಹಿಡಿದು ಸೇರಿಸಿದ್ದರಿಂದ ಕೆಲಸ ನಿಲ್ಲಲಿಲ್ಲ.

ಎಲ್ಲಕ್ಕಿಂತ ತೊಡಕಿನದು ಕ್ಯಾಲೆಂಡರ್. ದಾನಿಯ ವರ್ಷ ಜನವರಿಯಿಂದ, ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ, ಶಾಲೆಯದು ಜೂನ್ ಆರಂಭದ ಹೊತ್ತಿಗೆ. ದಾನಿಯ ಲೆಕ್ಕ ಮುಗಿಯುವ ಡಿಸೆಂಬರ್ 31ರಂದೇ ವಿದೇಶಿ ದೇಣಿಗೆಯ ವಾರ್ಷಿಕ ವಿವರವನ್ನು (ಎಫ್‌ಸಿ-4) ಸರ್ಕಾರಕ್ಕೆ ಸಲ್ಲಿಸುವ ಗಡುವು ಕೂಡ. ಕಟ್ಟಡದ ಕೆಲಸಕ್ಕೆ ಸಿಗುವುದು ಏಪ್ರಿಲ್–ಮೇ ರಜೆ ಮಾತ್ರ, ಮತ್ತು ಸತತ ಎರಡು ವರ್ಷ ಅದೇ ರಜೆಯಲ್ಲಿ ಚುನಾವಣೆ ಬಂತು: 2023ರ ಮೇ 10ಕ್ಕೆ ವಿಧಾನಸಭೆ, 2024ರ ಏಪ್ರಿಲ್ 26ಕ್ಕೆ ನಮ್ಮ ಭಾಗದಲ್ಲಿ ಲೋಕಸಭೆ. ನೀತಿಸಂಹಿತೆ ಜಾರಿಯಾದರೆ ಸರ್ಕಾರಿ ಆವರಣದಲ್ಲಿ ಹೊಸ ಕಾಮಗಾರಿ ಆರಂಭಿಸುವುದು ಕಷ್ಟ, ಆರಂಭವಾದದ್ದನ್ನು ಮುಂದುವರಿಸಬಹುದು. ಸಾಲದ್ದಕ್ಕೆ ಸರ್ಕಾರಿ ಶಾಲೆಗಳೇ ಮತಗಟ್ಟೆಗಳು. ಮತಗಟ್ಟೆಯಲ್ಲಿ ಶೌಚಾಲಯ ಇರಲೇಬೇಕಾದ್ದರಿಂದ ಹಳೆಯದನ್ನು ಮತದಾನಕ್ಕೆ ಮೊದಲು ಕೆಡವಲು ಯಾರೂ ಒಪ್ಪರು. ವಿಧಾನಸಭೆಯ ಅವಧಿ ಮುಗಿಯುವುದು ಮೊದಲೇ ಗೊತ್ತಿರುವ ಸಂಗತಿಯಾದ್ದರಿಂದ, ಕಾರ್ಯಾದೇಶ ಮತ್ತು ಅಡಿಪಾಯದ ಕೆಲಸವನ್ನು ಫೆಬ್ರುವರಿಯಲ್ಲಿಯೇ ಮುಗಿಸುವಂತೆ ವೇಳಾಪಟ್ಟಿ ಹಾಕಿದ್ದೆ, ಹೊಸ ಶೌಚಾಲಯವನ್ನು ಬೇರೆ ಮೂಲೆಯಲ್ಲಿ ಗುರುತಿಸಿದ್ದೆ. ಶಾಲಾ ದಿನಗಳಲ್ಲಿ ಅಡಿಪಾಯ ತೋಡಿಸುವುದಕ್ಕೆ ಮುಖ್ಯ ಶಿಕ್ಷಕರ ಗೊಣಗಾಟ ಸಹಜವೇ. ಬೇಲಿಯ ಖರ್ಚನ್ನು ಸೇರಿಸಿಕೊಂಡೆವು.

ತರಬೇತಿಯ ಬಗ್ಗೆ ಒಂದು ಮಾತು. ‘ತರಬೇತಾದ ಶಿಕ್ಷಕರು ಅದೇ ಶಾಲೆಯಲ್ಲಿರುತ್ತಾರೆ’ ಎಂಬ ಅಸಂಪ್ಷನ್ ವರ್ಗಾವಣೆ ಕೌನ್ಸೆಲಿಂಗ್ ಇರುವ ನಾಡಿನಲ್ಲಿ ನಿಲ್ಲುವುದಿಲ್ಲ. ಎಸ್‌ಡಿಎಂಸಿ ಸದಸ್ಯರೂ ಮಕ್ಕಳು ಶಾಲೆ ಬಿಟ್ಟೊಡನೆ ಹೊರಹೋಗುತ್ತಾರೆ. ಬಿಸಿಯೂಟದ ಅಡುಗೆಯವರು ಊರಿನವರು, ನೀರಿನ ಕೊರತೆ ಮೊದಲು ತಟ್ಟುವುದೂ ಅವರಿಗೇ. ಮೊದಲ ಮಳೆಯ ನೀರನ್ನು ಹೊರಬಿಡುವುದು, ಸೋಸು ತೊಟ್ಟಿಯ ಮರಳು–ಜಲ್ಲಿ ತೊಳೆಯುವುದು ಇವನ್ನೆಲ್ಲ ಅವರಿಗೆ ಗೌರವಧನ ಸಹಿತ ಕಲಿಸಿದೆವು. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಇದು ಅವರ ಕೆಲಸವಲ್ಲ ಎಂದು ಆಕ್ಷೇಪಿಸಿದ್ದರು. ಆಕ್ಷೇಪದಲ್ಲಿ ಹುರುಳಿದೆ, ಗೌರವಧನ ಯೋಜನೆಯೊಡನೆ ನಿಂತರೆ ಆ ಕೆಲಸವನ್ನು ಬಿಟ್ಟಿಯಾಗಿ ಅವರ ಮೇಲೆ ಹೊರಿಸಿದಂತಾಗುತ್ತದೆ.

ಅಂತಿಮ ಮೌಲ್ಯಮಾಪನ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಆರು ಮಾನದಂಡಗಳಂತೆ ನಡೆಯಿತು. 2019ರಲ್ಲಿ ಸೇರಿಸಿದ ‘ಇತರ ಯೋಜನೆಗಳೊಡನೆ ಹೊಂದಾಣಿಕೆ’ ಎಂಬ ಮಾನದಂಡದಡಿ, ಅದೇ ವರ್ಷ ಶುರುವಾದ ಜಲ ಜೀವನ್ ಮಿಷನ್ನಿನ ನಲ್ಲಿ ಇರುವ ಶಾಲೆಯಲ್ಲಿ ನಮ್ಮ ತೊಟ್ಟಿ ಏಕೆ ಎಂದು ಮೌಲ್ಯಮಾಪಕರು ಕೇಳಿದರು. ನಲ್ಲಿಯ ನೀರು ಕುಡಿಯಲು ಮತ್ತು ಅಡುಗೆಗೆ, ಮಳೆನೀರು ಶೌಚಾಲಯಕ್ಕೆ ಮತ್ತು ಕೈತೊಳೆಯಲು ಎಂದು ಕೊಳಾಯಿಗಳನ್ನು ಬೇರ್ಪಡಿಸಿದ ನಕ್ಷೆಯನ್ನು ತೋರಿಸಿದೆ. ಅಡುಗೆಯವರ ಗೌರವಧನವನ್ನು ಕೆಲವು ಪಂಚಾಯಿತಿಗಳು ತಮ್ಮ ವಾರ್ಷಿಕ ಕ್ರಿಯಾಯೋಜನೆಗೆ ಸೇರಿಸಿವೆ. ಉಳಿದವುಗಳೊಡನೆ ಮಾತುಕತೆ ನಡೆದಿದೆ.