ಟ್ಯಾನಿಂಗ್ ಬೆಡ್ ಕೆಟ್ಟರೆ ನಾವೇ ಬಿಚ್ಚಬಹುದಾ?

ಸಲೂನ್ ನಡೆಸುವವರೇ, ಟ್ಯಾನಿಂಗ್ ಬೆಡ್ ಅಂದರೆ ಗಿರಾಕಿ ಮಲಗಿ ಅತಿನೇರಳೆ (ಯುವಿ) ಲ್ಯಾಂಪಿನ ಬೆಳಕಿನಲ್ಲಿ ಚರ್ಮ ಕಂದಾಗಿಸಿಕೊಳ್ಳುವ ಯಂತ್ರ. ಇದರ ಲ್ಯಾಂಪ್ ಬದಲಿಸುವುದು, ಮಲಗುವ ಅಕ್ರಿಲಿಕ್ ಹಾಳೆ ಒರೆಸುವುದು ನೀವೇ ಮಾಡಬಹುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಒರೆಸಲು ಸ್ಪಿರಿಟ್ ಬೇಡ, ಅಕ್ರಿಲಿಕ್ ಸಣ್ಣಗೆ ಬಿರುಕು ಬಿಡುತ್ತದೆ.

ಬ್ಯಾಲಾಸ್ಟ್ (ಲ್ಯಾಂಪಿಗೆ ಹೋಗುವ ಕರೆಂಟ್ ನಿಯಂತ್ರಿಸುವ ಭಾಗ), ವೈರಿಂಗ್, ಟೈಮರ್ ಮಾತ್ರ ದಯವಿಟ್ಟು ಮುಟ್ಟಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು, ಜೋರಾಗಿ ಶಾಕ್ ಹೊಡೆಯುತ್ತದೆ. ಟೈಮರ್ ಕೈಕೊಟ್ಟರೆ ಸುಡುವುದು ಗಿರಾಕಿಯ ಚರ್ಮ, ಅಲ್ವಾ?

ಬೆಂಗಳೂರಿನ ಎಸ್.ಪಿ. ರೋಡ್ ಮಾರ್ಕೆಟ್‌ನಲ್ಲಿ ಅದೇ ಉದ್ದದ ಟ್ಯೂಬ್ ಸಿಕ್ಕಿತು ಅಂತ ಸುಮ್ನೆ ಹಾಕಬೇಡಿ. ನೋಡಲು ಒಂದೇ ಥರ ಇದ್ದರೂ ಯುವಿ ಜಾಸ್ತಿ ಇರಬಹುದು. ಹಳೆ ಲ್ಯಾಂಪಿನ ತುದಿಯಲ್ಲಿ ಅಚ್ಚಾಗಿರುವ ಕೋಡ್ ಓದಿ, ಮ್ಯಾನುಯಲ್ ಜೊತೆ ತಾಳೆ ನೋಡಿ. ಹೊಸ ಲ್ಯಾಂಪ್ ಹಳೆಯದಕ್ಕಿಂತ ತೀಕ್ಷ್ಣ, ಶುರುವಿನಲ್ಲಿ ಸಮಯ ಕಡಿಮೆ ಇಡಿ.

ತೆಗೆದ ಲ್ಯಾಂಪಿನಲ್ಲಿ ಪಾದರಸ ಇರುತ್ತದೆ. ಒಡೆಯದಂತೆ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ, ಪೌರಕಾರ್ಮಿಕರ ಗಾಡಿಗೆ ಹಾಕಬೇಡಿ.